ದಯೆಗೆ ಗುರುತು ಬೇಕೆ?

ಎಲ್ಲ ಜೀವಿಗಳಲ್ಲೂ ದಯೆಯಿರಲಿ ಎನ್ನದ ಧರ್ಮ ನಮ್ಮ ನೆಲದಲ್ಲಿಲ್ಲ. ಆದರೆ ಆ ‘ಎಲ್ಲ’ರೊಳಗೆ ಯಾರು ಯಾರಿದ್ದಾರೆ ಎಂದು ಕೇಳಿದರೆ ಉತ್ತರ ಬರುವುದು ಕಡಿಮೆ. ಫಾಲ್ಗುಣ, ಚೈತ್ರದ ದಿನಗಳಲ್ಲಿ ಬಯಲುಸೀಮೆಯ ಊರಿನಾಚೆ ಮುತ್ತುಗ ಹೂಬಿಟ್ಟಿರುತ್ತದೆ, ಹೊಂಗೆಯ ಬುಡದಲ್ಲಿ ಉದುರಿದ ಹೂ ಹಾಸಿರುತ್ತದೆ, ಬೇವು ಗೊಂಚಲು ಗೊಂಚಲಾಗಿ ಅರಳಿರುತ್ತದೆ, ರಸ್ತೆಬದಿಯಲ್ಲಿ ಎಕ್ಕವಂತೂ ಇದ್ದೇ ಇರುತ್ತದೆ. ಒಂದೊಂದರ ಮೇಲೂ ಹತ್ತಾರು ಬಗೆಯ ಹುಳು. ಯುಗಾದಿಗೆ ಬೇವಿನ ಹೂ ಕೊಯ್ದು ತರುವವರಲ್ಲಿ ಎಷ್ಟು ಮಂದಿಗೆ ಅದರ ಮೇಲಿಂದ ಎದ್ದು ಹೋದದ್ದು ಕೋಲುಜೇನೋ, ತುಡುವೆಯೋ, ನೊಣವೋ ಎಂಬುದು ಗೊತ್ತು? ಗೊತ್ತಿಲ್ಲದಿದ್ದರೆ ಏನಾಯಿತು, ಧರ್ಮಕ್ಕೂ ಕೀಟಶಾಸ್ತ್ರಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನನಗನ್ನಿಸುವುದು ಇಷ್ಟು: ಕಂಡ ಹುಳುವಿನೆದುರು, ಕಾಡುಹೂವಿನೆದುರು ನಿಂತು ಅದು ಯಾವುದೆಂದು ಗುರುತಿಸುವ ಕೆಲಸ ಅಹಿಂಸೆಯ ಮೊದಲ ಪಾಠ. ಅದನ್ನು ಬಿಟ್ಟು ಆಡುವ ದಯೆಯ ಮಾತಿಗೆ ವಿಳಾಸವಿಲ್ಲ.

ಇದನ್ನು ಎಲ್ಲರಿಗಿಂತ ಗಂಭೀರವಾಗಿ ಹಿಡಿದವರು ಜೈನರು. ದಶವೈಕಾಲಿಕ ಸೂತ್ರ ಅರಿವನ್ನು ಮೊದಲಿಟ್ಟು ದಯೆಯನ್ನು ಆಮೇಲೆ ಇಡುತ್ತದೆ. ಯಾವುದು ಜೀವ, ಯಾವುದು ಅಲ್ಲ ಎಂದು ಅರಿಯದವನು ಸಂಯಮವನ್ನು ಪಾಲಿಸುವುದಾದರೂ ಹೇಗೆ ಎಂಬುದು ಅದರ ತರ್ಕ. ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳ ಎಣಿಕೆಯ ಮೇಲೆ ವಿಂಗಡಿಸುತ್ತದೆ. ಗಿಡಮರಗಳಿಗೆ ಸ್ಪರ್ಶವೊಂದೇ, ಎರೆಹುಳುವಿನಂಥವಕ್ಕೆ ರುಚಿಯೂ ಸೇರಿ ಎರಡು, ಇರುವೆಗೆ ವಾಸನೆಯೂ ಸೇರಿ ಮೂರು, ದುಂಬಿಗೆ ನೋಟವೂ ಸೇರಿ ನಾಲ್ಕು, ಮನುಷ್ಯ ಮೊದಲಾದವರಿಗೆ ಐದು. ಮುನಿಗಳು ನಡೆಯುವಾಗ ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯಬೇಕೆಂಬ ಈರ್ಯಾಸಮಿತಿಯ ನಿಯಮವಿದೆ. ದಿಗಂಬರ ಮುನಿಗಳ ಕೈಯ ನವಿಲುಗರಿಯ ಪಿಂಛಿ ಕೂರುವ ಜಾಗದ ಹುಳುಗಳನ್ನು ನೋಯಿಸದೆ ಸರಿಸಲಿಕ್ಕೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಒಪ್ಪಿಸುವುದು ಹಣ್ಣಿನ ವಿಷಯ. ಗೃಹಸ್ಥರಾದ ಶ್ರಾವಕರು ಮದ್ಯ, ಮಾಂಸ, ಜೇನುತುಪ್ಪದ ಜೊತೆಗೆ ಅತ್ತಿ, ಆಲ, ಅರಳಿ ಮೊದಲಾದ ಐದು ಬಗೆಯ ಹಣ್ಣುಗಳನ್ನೂ ಬಿಡಬೇಕು, ಏಕೆಂದರೆ ಅವುಗಳೊಳಗೆ ಜೀವಿಗಳಿವೆ. ಇದು ಬರಿ ಮಡಿವಂತಿಕೆಯಲ್ಲ. ಅತ್ತಿಯ ಕಾಯೆನ್ನುವುದು ಒಳಮುಖವಾಗಿ ಅರಳಿದ ಹೂಗಳ ಗೊಂಚಲು. ತುದಿಯ ಕಿರುಗಂಡಿಯಿಂದ ನುಸಿಯಷ್ಟೇ ಗಾತ್ರದ ಹೆಣ್ಣು ಕಣಜ ಒಳನುಗ್ಗುತ್ತದೆ, ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಮರಿಗಳು ಒಳಗೇ ಬೆಳೆದು, ಹೆಣ್ಣುಗಳು ಹೊರಬಿದ್ದು ಬೇರೆ ಕಾಯಿ ಹುಡುಕುತ್ತವೆ. ಗಂಡುಗಳು ಹುಟ್ಟಿದಲ್ಲೇ ಮುಗಿಯುತ್ತವೆ. ನಿಯಮ ಮಾಡಿದವರಿಗೆ ಈ ಪೂರ್ತಿ ಕಥೆ ಗೊತ್ತಿರಬೇಕಾಗಿರಲಿಲ್ಲ. ಹಣ್ಣು ಬಿಡಿಸಿ ಒಳಗೆ ಕಣ್ಣಿಟ್ಟವರಿಲ್ಲದೆ ಆ ನಿಯಮ ಹುಟ್ಟುವಂತಿಲ್ಲ ಎಂಬುದಷ್ಟೇ ಮುಖ್ಯ.

ಹಾಗಿದ್ದರೆ ಇಂದ್ರಿಯಗಳ ಪಟ್ಟಿಯೇ ಇದೆಯಲ್ಲ, ಮತ್ತೆ ಬೇಸಗೆಯ ಬಿಸಿಲಲ್ಲಿ ಬಗ್ಗಿ ನೋಡುವುದೇಕೆ? ಏಕೆಂದರೆ ಪಟ್ಟಿ ತಪ್ಪುತ್ತದೆ. ಆ ಎಣಿಕೆಯಲ್ಲಿ ಕೀಟಗಳಿಗೆ ಕಿವಿಯಿಲ್ಲ. ಬಿಲದ ಬಾಯಲ್ಲಿ ಕುಳಿತು ರಾತ್ರಿಯಿಡೀ ಕೂಗುವ ಚಿಮ್ಮಂಡೆಗೆ ಮುಂಗಾಲುಗಳಲ್ಲೇ ಕಿವಿಗಳಿವೆ, ಗಂಡಿನ ಕೂಗು ಕೇಳಿಯೇ ಹೆಣ್ಣು ಹತ್ತಿರ ಬರುತ್ತದೆ. ಇರುವೆಗೆ ನೋಟವಿಲ್ಲ ಎನ್ನುತ್ತದೆ ಪಟ್ಟಿ. ಎಲೆ ಹೊಲಿದು ಗೂಡು ಕಟ್ಟುವ ಚಗಳಿಗೆ ಎದ್ದು ಕಾಣುವ ಕಣ್ಣುಗಳಿವೆ. ಇದನ್ನು ಹಿಡಿದು ಹಳೆಯವರನ್ನು ಗೇಲಿ ಮಾಡುವುದು ಸುಲಭ, ಪಟ್ಟಿಗೆ ಇಲ್ಲದ ವೈಜ್ಞಾನಿಕ ಅರ್ಥ ತುಂಬಿ ಬೀಗುವುದು ಇನ್ನೂ ಸುಲಭ. ಎರಡೂ ಬೇಡ. ಇಂದ್ರಿಯ ಹೆಚ್ಚಿದಷ್ಟೂ ನೋಯಿಸಿದ ಪಾಪ ಹೆಚ್ಚು ಎಂದು ಆ ದರ್ಶನವೇ ಹೇಳುವುದರಿಂದ, ಚಿಮ್ಮಂಡೆಯ ಕಿವಿ ಕಂಡ ದಿನ ಅದರ ಮೇಲಿನ ನಮ್ಮ ಹೊಣೆಯೂ ಹೆಚ್ಚಬೇಕು. ನೋಡುವುದನ್ನು ನಿಲ್ಲಿಸಿದರೆ ಹೊಣೆಯ ಲೆಕ್ಕ ಹಳೆಯದರಲ್ಲೇ ನಿಂತುಬಿಡುತ್ತದೆ.

ಗಟ್ಟಿ ಆಕ್ಷೇಪ ಬರುವುದು ಅದ್ವೈತದ ಕಡೆಯಿಂದ. ನಾಮರೂಪಗಳು ತೋರಿಕೆ, ಇರುವುದು ಒಂದೇ. ಹೆಸರಿಟ್ಟು ಬೇರೆಬೇರೆ ಮಾಡುವವನು ಭೇದವನ್ನೇ ಬೆಳೆಸುತ್ತಾನೆ ಎನ್ನುತ್ತದೆ ಅದು. ಆದರೆ ಶಂಕರರು ವ್ಯವಹಾರದ ಸತ್ಯವನ್ನು ಬ್ರಹ್ಮಜ್ಞಾನದ ತನಕ ತಳ್ಳಿಹಾಕಿದವರಲ್ಲ, ನಮ್ಮ ಕಾಲೂ ಕುಡುಗೋಲೂ ಓಡಾಡುವುದು ಆ ವ್ಯವಹಾರದಲ್ಲೇ. ಎಕ್ಕದ ಎಲೆ ತಿಂದು ಬೆಳೆಯುವ ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಹಕ್ಕಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಡಾನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಜಾತಿಯ ಹೆಣ್ಣು ಅದೇ ವೇಷ ತೊಟ್ಟು ಬದುಕುತ್ತದೆ. ಹಿಂದಿನ ರೆಕ್ಕೆಯ ನಡುವೆ ಕೆಲವು ಕಪ್ಪು ಚುಕ್ಕೆಗಳಿದ್ದರೆ ಮೊದಲನೆಯದು, ಅಂಚಿನ ಬಳಿ ಒಂದೇ ಇದ್ದರೆ ಎರಡನೆಯದು. ಎರಡೂ ಒಂದೇ ಎಂದು ಕೈಮುಗಿಯುವುದು ಭಕ್ತಿಯೇ ಇರಬಹುದು, ಆದರೆ ಎರಡನೆಯದರ ಮರಿಗಳು ತಿನ್ನುವುದು ಎಕ್ಕವನ್ನಲ್ಲ, ಗೋಣಿ ಸೊಪ್ಪನ್ನು. ಎಕ್ಕ ಉಳಿಸಿ, ಗೋಣಿ ಸೊಪ್ಪನ್ನು ಕಳೆಯೆಂದು ಕಿತ್ತವನು ಒಂದಕ್ಕೆ ಅನ್ನ ಇಟ್ಟು ಇನ್ನೊಂದರ ತಟ್ಟೆ ಕಸಿದಿರುತ್ತಾನೆ. ಅವನ ಅಭೇದದೃಷ್ಟಿಗೆ ಇದು ತಿಳಿಯುವುದೇ ಇಲ್ಲ. (ಫೋನಿನ ಆ್ಯಪ್ ಹೆಸರನ್ನು ಚಿಟಿಕೆಯಲ್ಲಿ ಹೇಳುತ್ತದೆ, ನಿಜ. ಚುಕ್ಕೆ ಎಣಿಸದೆ ಸಿಕ್ಕ ಹೆಸರು ಮಾತ್ರ ಇಲ್ಲಿ ಹೇಳುತ್ತಿರುವ ಅರಿವಲ್ಲ.)

ಅರಿವೇ ಕೊಲ್ಲುತ್ತದೆಯಲ್ಲ ಎಂಬ ಮಾತೂ ಉಂಟು. ಹುಳುವಿನ ಗುರುತು ಸಿಕ್ಕಿದ ಮೇಲೆಯೇ ಅದಕ್ಕೆ ತಕ್ಕ ಔಷಧಿ ಸಿಂಪಡಿಸುವುದು. ಸಂಗ್ರಹಾಲಯಗಳಲ್ಲಿ ಸೂಜಿಗೆ ಚುಚ್ಚಿಟ್ಟ ಚಿಟ್ಟೆಗಳೂ ಅರಿವಿನ ಹೆಸರಿನಲ್ಲೇ ಸತ್ತವು. ಇದನ್ನು ಅಲ್ಲಗಳೆಯಲಾಗದು: ಗುರುತು ದಯೆಯನ್ನು ತಂದೇ ತರುತ್ತದೆ ಎನ್ನಲು ಆಧಾರವಿಲ್ಲ. ಗುರುತಿಲ್ಲದೆ ಏನಾಗುತ್ತದೆ ಎಂಬುದಕ್ಕೆ ಆಧಾರ ಹೊಲದಲ್ಲೇ ಇದೆ. ಸಸ್ಯಹೇನುಗಳನ್ನು ತಿಂದು ಬೆಳೆ ಕಾಯುವ ಗುಲಗಂಜಿ ಹುಳುವಿನ ಮರಿ ತಾಯಿಯನ್ನು ಒಂದಿಷ್ಟೂ ಹೋಲುವುದಿಲ್ಲ. ಕಪ್ಪಗೆ, ಉದ್ದಕ್ಕೆ, ಮುಳ್ಳುಮುಳ್ಳಾಗಿರುವ ಅದನ್ನು ಪೀಡೆಯೆಂದೇ ಹೊಸಕುವವರುಂಟು. ಕೆಡುಕಿನ ಮನಸ್ಸಿಲ್ಲದೆಯೂ ಕೊಲೆ ನಡೆದುಹೋಗುತ್ತದೆ. ಇನ್ನು ಕೆಲವು ಕಿರುಗಣಜಗಳನ್ನು ಕೊಂದು ಸೂಕ್ಷ್ಮದರ್ಶಕದ ಕೆಳಗಿಡದೆ ಬೇರ್ಪಡಿಸಲಾಗದು. ಶಾಸ್ತ್ರಜ್ಞರು ಅದಕ್ಕೆ ತಮ್ಮ ಕಾರಣ ಹೇಳಿಯಾರು. ಅಹಿಂಸೆಗಾಗಿ ಗುರುತು ಹುಡುಕುವವನಿಗೆ ಆ ದಾರಿಯಿಲ್ಲ. ಸತ್ಯಕ್ಕೆ ಹಲವು ಮುಖಗಳೆನ್ನುವ ಜೈನರ ಅನೇಕಾಂತವಾದವನ್ನು ಒಪ್ಪಿದವನಿಗೆ ಅರೆ ಉತ್ತರದಿಂದ ಅವಮಾನವೂ ಆಗಬೇಕಿಲ್ಲ: ತಾನು ನಿಂತ ಕಡೆಯಿಂದ ಕಂಡಷ್ಟನ್ನು ಹೇಳಿ, ಕಣಜಗಳ ಬಳಗದ್ದು, ಜಾತಿ ತಿಳಿಯಲಿಲ್ಲ ಎಂದು ಬರೆದುಕೊಂಡು ಅದನ್ನು ಹಾರಲು ಬಿಡಬಹುದು.