ಸಭೆ ಬೆಳೆದಾಗ

ನಾಲ್ವರು ಕೂಡಿ ಆಡಿದ ಮಾತಿನ ಸೊಗಸು ನಾನೂರು ಜನ ಕೂಡಿದಾಗ ಉಳಿಯುವುದಿಲ್ಲವೆಂದು ಹಿರಿಯರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಒಂದು ಧರ್ಮಪ್ರಶ್ನೆಯೂ ಬರುತ್ತದೆ: ಆ ಸೊಗಸನ್ನು ಉಳಿಸುವುದಕ್ಕಾಗಿ ಬಾಗಿಲು ಮುಚ್ಚಬಹುದೆ?

ನಮ್ಮ ಊರಿನ ನಿದರ್ಶನವನ್ನೇ ನೋಡೋಣ. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ, ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದವರು ಬಹುಮಟ್ಟಿಗೆ ವಿದ್ವಾಂಸರು, ಅಧಿಕಾರಿಗಳು, ಪತ್ರಿಕಾಕರ್ತರು. ಒಬ್ಬರನ್ನೊಬ್ಬರು ಬಲ್ಲವರ ಸಭೆ ಅದು. ಇಂದು ಚಾಮರಾಜಪೇಟೆಯ ಅದೇ ಪರಿಷತ್ತಿನ ಸದಸ್ಯರ ಸಂಖ್ಯೆ ಮೂರು ಲಕ್ಷವನ್ನು ಮೀರಿದೆ. ಸಮ್ಮೇಳನವೆಂದರೆ ಮೆರವಣಿಗೆ, ಊಟದ ಸಾಲು, ಪುಸ್ತಕದ ಮಳಿಗೆ. ಗೋಷ್ಠಿಯಲ್ಲಿ ಪ್ರಶ್ನೆ ಕೇಳುವುದಕ್ಕೆ ಹೊತ್ತೇ ಉಳಿಯುವುದಿಲ್ಲ. ಇದನ್ನು ಕಂಡು ನಿಟ್ಟುಸಿರಿಡುವ ಮಿತ್ರರು ಬಸವನಗುಡಿಯಲ್ಲಿ ನನಗೆ ಹಲವರಿದ್ದಾರೆ. ಅವರ ವ್ಯಥೆ ನನಗೆ ಅರ್ಥವಾಗುತ್ತದೆ.

ಆದರೆ 1979ನ್ನು ಮರೆಯುವಂತಿಲ್ಲ. ಆ ವರ್ಷದ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಕೋರಿಕೆಗೆ ಪರಿಷತ್ತು ಒಪ್ಪಲಿಲ್ಲ. ಸಾಹಿತ್ಯದಲ್ಲಿ ಭೇದವೆಣಿಸಬಾರದೆಂಬುದು ಕೊಟ್ಟ ಕಾರಣ. ಪ್ರತಿಭಟಿಸಿದ ಲೇಖಕರು ಬೆಂಗಳೂರಿನಲ್ಲಿ ಬೇರೆಯೇ ಸಭೆ ಕೂಡಿದರು. ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಅಂದಿನ ಕನ್ನಡದ ಅತ್ಯಂತ ಜೀವಂತವಾದ ಚರ್ಚೆ ಹೀಗೆ ಮಂಟಪದ ಹೊರಗೆ ನಡೆಯಿತು. ನಾವು ‘ಮಟ್ಟ’ ಎಂದು ಕರೆಯುವುದು ಎಷ್ಟೋ ವೇಳೆ ನಮ್ಮವರೊಡನೆ ಮಾತ್ರ ಮಾತಾಡುವ ನೆಮ್ಮದಿಯಾಗಿರುತ್ತದೆ.

ಹಾಗಾದರೆ ಬಾಗಿಲು ತೆರೆದರೆ ಸಾಕೆ? ಸಾಲದು. ಸಣ್ಣ ಸಭೆಯ ಗುಣ ಅದರ ಸಣ್ಣತನದಿಂದ ಬಂದದ್ದಲ್ಲ, ಅಭ್ಯಾಸಗಳಿಂದ ಬಂದದ್ದು: ಓದಿಕೊಂಡು ಬರುವುದು, ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳುವುದು, ತಿಳಿಯದ್ದನ್ನು ತಿಳಿಯದೆನ್ನುವುದು. ಹೊಸಬರು ಬರುವ ವೇಗಕ್ಕೆ ಈ ಅಭ್ಯಾಸಗಳನ್ನು ದಾಟಿಸುವ ವೇಗ ಸಮನಾಗದಿದ್ದರೆ ಸಭೆ ಸಂತೆಯಾಗುತ್ತದೆ. ಡಿ. ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಪುಸ್ತಕಭಂಡಾರವೂ ಅಧ್ಯಯನಗೋಷ್ಠಿಯೂ ಒಂದೇ ಸೂರಿನಡಿ ಕೂಡಿದವು. ಮಾತಿಗೆ ಮೊದಲು ಓದು ಎಂಬ ಪಾಠ ಆ ಜೋಡಣೆಯಲ್ಲೇ ಇದೆ.

ಇನ್ನೂ ಹಳೆಯ ಆದರ್ಶವೊಂದು ಶೂನ್ಯಸಂಪಾದನೆಯಲ್ಲಿದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಠಿಣವಾಗಿ ಪರೀಕ್ಷಿಸುತ್ತಾನೆ. ಆದರೆ ಆಕೆಯ ಉತ್ತರವನ್ನು ಕೇಳುತ್ತಾನೆ, ಕೇಳಿ ತಲೆಬಾಗುತ್ತಾನೆ. ಪರೀಕ್ಷೆ ಬೇಡವೆಂದಲ್ಲ. ಅದು ಆಡುವ ಮಾತಿನ ಪರೀಕ್ಷೆಯಾಗಬೇಕು, ಹುಟ್ಟು, ಪದವಿ, ಪರಿಚಯಗಳ ಪರೀಕ್ಷೆಯಾಗಬಾರದು. ಉತ್ತರ ಬಂದಾಗ ಪರೀಕ್ಷಿಸಿದವನು ಮಣಿಯಲು ಸಿದ್ಧನಿರಬೇಕು.

ಎಂಬತ್ತು ವಿದ್ಯಾರ್ಥಿಗಳ ತರಗತಿಗೆ ಪಾಠ ಹೇಳುವ ನಾನು ಕಂಡುಕೊಂಡದ್ದು ಇಷ್ಟು: ಮೊದಲು ಹತ್ತು ಹತ್ತು ಮಂದಿಯಾಗಿ ಕೂತು ಕಾವ್ಯಭಾಗವನ್ನು ಓದಿಕೊಂಡರೆ, ಆಮೇಲೆ ಎಂಬತ್ತು ಮಂದಿಯ ನಡುವೆ ಆಡುವ ಮಾತಿಗೂ ತೂಕ ಬರುತ್ತದೆ. ದೊಡ್ಡ ಸಭೆಗಳಿಗೂ ಇದೇ ದಾರಿಯಿರಬೇಕು: ಒಳಗೊಳಗೆ ಹಲವು ಸಣ್ಣ ಕೂಟಗಳು, ಪ್ರತಿಯೊಂದರಲ್ಲೂ ಹೊಸಬರ ಜೊತೆ ಒಬ್ಬಿಬ್ಬರು ಹಳಬರು. ಇದಕ್ಕೆ ಹಳಬರು ಮುಂದಿನ ಸಾಲಿನ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ. ನಿಟ್ಟುಸಿರಿಡುವ ನಮ್ಮ ಮಿತ್ರರು ಅದಕ್ಕೆ ಸಿದ್ಧರೆ ಎಂಬುದೇ ಈಗಿನ ಪ್ರಶ್ನೆ.