ಕಳಿಸಿದರೆ ಹೇಳಿದಂತಾಯಿತೆ?

ನಮ್ಮ ಕಡೆಯ ಹಳೆಯ ಕಾಗದಗಳ ಕೊನೆಗೆ, ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ ಎಲ್ಲ ಮುಗಿದ ಮೇಲೆ, 'ಪತ್ರ ಮುಟ್ಟಿದ ಕೂಡಲೆ ಮುಟ್ಟಿದ ಬಗ್ಗೆ ಬರೆಯುವುದು' ಎಂಬೊಂದು ಸಾಲು ಇರುತ್ತಿತ್ತು. ಬರೆದವನಿಗೆ ಅಂಚೆಯವನ ಮೇಲೆ ಅಪನಂಬಿಕೆ ಇತ್ತೆಂದಲ್ಲ. ಕಾಗದವನ್ನು ಡಬ್ಬಿಗೆ ಹಾಕಿದ ಮಾತ್ರಕ್ಕೆ ತನ್ನ ಮಾತು ಪೂರೈಸಲಿಲ್ಲ, ಆಚೆಯವನು 'ಹೂಂ' ಎಂದಾಗ ಪೂರೈಸಿತು ಎಂಬ ತಿಳಿವಳಿಕೆ ಆ ಸಾಲಿನಲ್ಲಿತ್ತು. ಆ ಸಾಲನ್ನು ಈಗ ಬರೆಯುವವರು ಕಡಿಮೆ. 'ಮುಟ್ಟಿತು' ಎಂದು ಯಂತ್ರವೇ ಹೇಳಿಬಿಡುತ್ತದೆ. ಹೀಗೆ ಹೇಳುವುದನ್ನು ಪೇಟೆಯ ಸಾಮಾನ್ಯ ವ್ಯಾಪಾರಿಗೂ ರೂಢಿ ಮಾಡಿಸಿದ ಯಂತ್ರವೆಂದರೆ ಫ್ಯಾಕ್ಸು.

ಅಲೆಕ್ಸಾಂಡರ್ ಬೇನ್ ಎಂಬ ಸ್ಕಾಟ್ಲೆಂಡಿನ ಗಡಿಯಾರದ ಕೆಲಸಗಾರನೊಬ್ಬ ಇದರ ಮೂಲ ಉಪಾಯಕ್ಕೆ 1843ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಉಪಾಯ ಕಠಿಣವಾದುದಲ್ಲ, ಶಿಗ್ಲಿಯ ನೇಕಾರನಿಗಂತೂ ಅದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಕಾಗದವನ್ನು ಅಡ್ಡಗೆರೆ ಅಡ್ಡಗೆರೆಯಾಗಿ ಓದುವುದು. ಒಂದೊಂದು ಗೆರೆಯನ್ನೂ ಕಪ್ಪು ಬಿಳಿ ಚುಕ್ಕೆಗಳಾಗಿ ಎಣಿಸುವುದು. ಆಚೆ ಬದಿಗೆ ಅದೇ ಎಣಿಕೆಯಿಂದ ಮರಳಿ ಹೆಣೆಯುವುದು. ಗೆರೆಗೆ 1728 ಚುಕ್ಕೆ, ಪುಟಕ್ಕೆ ಸಾವಿರದ ಮೇಲೆ ಗೆರೆ. ಹೊಕ್ಕಿನ ಒಂದೊಂದೇ ಎಳೆ ಸೇರಿ ಸೀರೆಯಾಗುವ ಹಾಗೆ ಪತ್ರ ಆಗುತ್ತದೆ, ಸಹಿ ಸಮೇತ.

ಕರೆ ಮಾಡುವ ಯಂತ್ರ 1100 ಹರ್ಟ್ಸಿನ ಸ್ವರದಲ್ಲಿ ಕೂಗುತ್ತದೆ. ಕರೆ ಎತ್ತಿದ್ದು 2100 ಹರ್ಟ್ಸಿನಲ್ಲಿ ಓಗೊಡುತ್ತದೆ. ನೀನು ಎಷ್ಟು ವೇಗ ಬಲ್ಲೆ, ನಾನು ಇಷ್ಟು ಬಲ್ಲೆ ಎಂದು ಮಾತಾಗಿ, ಪುಟ ಹೋದ ಮೇಲೆ 'ಮುಗಿಯಿತು' ಎಂದು ಇದು ಹೇಳಿ, 'ಬಂತು' ಎಂದು ಅದು ಹೇಳಿದರೆ ವ್ಯವಹಾರ ತೀರಿತು. ಬೂತಿನವನು ಕೊಡುವ 'ಓಕೆ' ಚೀಟಿ ಆ 'ಬಂತು' ಎಂಬ ಮಾತಿನ ಮುದ್ರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಆಚೆ ಬದಿಗೆ ಕಾಗದ ತೀರಿದ್ದರೂ ಎಷ್ಟೋ ಯಂತ್ರಗಳು ಪುಟವನ್ನು ನೆನಪಿನಲ್ಲಿಟ್ಟುಕೊಂಡು 'ಬಂತು' ಎಂದೇ ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಯಾರಿಗೆ ಬಂತು?

ಮುಂದೆ ಈ ಕೆಲಸ ಕಂಪ್ಯೂಟರಿಗೆ ಹೋಯಿತು. ಮೋಡೆಮ್ ಎಂಬ ಪೆಟ್ಟಿಗೆಯನ್ನು ಟೆಲಿಫೋನಿನ ತಂತಿಗೆ ಸಿಕ್ಕಿಸಿ, ಕಪ್ಪು ಪರದೆಯ ಮೇಲೆ 'ಸೆಂಡ್‌ಫ್ಯಾಕ್ಸ್' ಎಂದು ಬೆರಳಚ್ಚಿಸಿ, ನಂಬರನ್ನೂ ಕಡತದ ಹೆಸರನ್ನೂ ಕೊಟ್ಟರೆ ಸಾಕು. ಸ್ಯಾಮ್ ಲೆಫ್ಲರ್ ಬರೆದ ಹೈಲಾಫ್ಯಾಕ್ಸ್ ಎಂಬ ತಂತ್ರಾಂಶಕ್ಕೆ ಹೊತ್ತನ್ನೂ ಹೇಳಿಡಬಹುದು. ಎಸ್‌ಟಿಡಿ ದರ ರಾತ್ರಿ 11ರ ಮೇಲೆ ಕಾಲು ಪಾಲಿಗೆ ಇಳಿಯುತ್ತಿದ್ದ 1990ರ ದಶಕದಲ್ಲಿ ಇದು ಸಣ್ಣ ಸೌಕರ್ಯವಲ್ಲ. ಲೈನು ಸಿಗದಿದ್ದರೆ ಅದೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೆಲಸವಾದ ಮೇಲೆ ಒಂದು ಸಾಲಿನ ವರದಿ ಬರೆದಿಡುತ್ತದೆ. ಮೋಡೆಮಿನ ಒಳಗೊಂದು ಪುಟ್ಟ ಸ್ಪೀಕರು ಇರುತ್ತಿತ್ತು. ಆಚೆ ಗಂಟೆ ಬಾರಿಸುವುದು, ಒಮ್ಮೊಮ್ಮೆ ಯಂತ್ರದ ಬದಲು ನಿದ್ದೆಗಣ್ಣಿನ ಮನುಷ್ಯನೇ 'ಹಲೋ, ಯಾರ್ರೀ?' ಎನ್ನುವುದು ಅದರಲ್ಲಿ ಕೇಳಿಸುತ್ತಿತ್ತು. ಅದರ ಬಾಯಿ ಮುಚ್ಚಲು ಎಂ ಅಕ್ಷರ ಮತ್ತು ಸೊನ್ನೆ ಸೇರಿದ ಒಂದು ಪುಟ್ಟ ಆಜ್ಞೆ ಇತ್ತು. ಮುಚ್ಚಿಟ್ಟವರೇ ಹೆಚ್ಚು ಎಂದು ನನ್ನ ಊಹೆ.

ಈಗ ಒಂದು ಸಂಗತಿ ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ಸೀರೆ ವ್ಯಾಪಾರಿಯೊಬ್ಬ ಶಿಗ್ಲಿಯ ನೇಕಾರನಿಗೆ ನೂರು ಸೀರೆ ಹೇಳಿದ್ದಾನೆ. ಪೇಟೆ ಬಿತ್ತು; 'ಬೇಡ, ನಿಲ್ಲಿಸಿ' ಎಂದು ಬರೆದು ರಾತ್ರಿ 11ಕ್ಕೆ ಕಂಪ್ಯೂಟರಿಗೆ ವಹಿಸಿ ಮಲಗಿದ. ಫ್ಯಾಕ್ಸು ಲಕ್ಷ್ಮೇಶ್ವರದ ಬೂತಿಗೆ ಹೋಗಿ ಬಿತ್ತು. ವರದಿ ಸರಿಯಾಗಿದೆ. ಬೂತಿನ ಹುಡುಗ ಎರಡು ದಿನ ಊರಲ್ಲಿಲ್ಲ. ನೇಕಾರ ಸಾಲದ ನೂಲು ತಂದು ಹಾಸು ಏರಿಸಿದ. ಹೆಂಡತಿ ಮಕ್ಕಳು ಕಂಡಿಕೆ ಸುತ್ತಿದರು. ಮೂರನೆಯ ದಿನ ಬಂದು ಕೇಳಿದರೆ ವ್ಯಾಪಾರಿ ಚೀಟಿ ತೋರಿಸುತ್ತಾನೆ: 'ನಾ ಹೇಳೇನಲ್ಲಪಾ!' ಅವನು ಹೇಳಿದನೆ?

ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. 1872ರ ಕರಾರು ಕಾಯಿದೆಯ 4ನೆಯ ಕಲಮಿನಂತೆ, ಒಪ್ಪಿಗೆಯನ್ನು ಕೈಬಿಟ್ಟು ಹೋಗುವಂತೆ ರವಾನಿಸಿದಾಗಲೇ ಅದು ಪ್ರಸ್ತಾಪಿಸಿದವನನ್ನು ಕಟ್ಟುತ್ತದೆ. ರವಾನಿಸಿದವನನ್ನು ಕಟ್ಟುವುದು ಆಚೆಯವನಿಗೆ ತಿಳಿದಾಗ. ಟೆಲಿಫೋನು ಬಂದಾಗ ಪೇಚಾಯಿತು. ಹತ್ತಿಕಾಳಿನ ಹಿಂಡಿಯ ಒಂದು ವ್ಯವಹಾರ ಅಹಮದಾಬಾದಿನಿಂದ ಖಾಮಗಾಂವಿಗೆ ಫೋನಿನಲ್ಲಿ ನಡೆದಿತ್ತು. ಅದರ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1965ರಲ್ಲಿ ತೀರ್ಪಾಯಿತು. ಒಪ್ಪಿಗೆಯ ಮಾತು ಎಲ್ಲಿ ಕಿವಿಗೆ ಬಿತ್ತೋ ಅಲ್ಲಿಯೇ ಕರಾರು ಆಯಿತೆಂದು ಬಹುಮತದ ತೀರ್ಪು. ಕಾಯಿದೆಯ ಮಾತಿನಂತೆ ಆಡಿದ ಜಾಗವೇ ಎಂದು ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಭಿನ್ನಮತ. ಅಂದು ಬಹುಮತ ಕಿವಿಯ ಪಕ್ಷ ವಹಿಸಿತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 13ನೆಯ ಕಲಮಿನಲ್ಲಿ ಕಿವಿ ಕಾಣುವುದಿಲ್ಲ: ಗೊತ್ತುಪಡಿಸಿದ ಕಂಪ್ಯೂಟರನ್ನು ದಾಖಲೆ ಹೊಕ್ಕಾಗಲೇ, ಬೇರೆ ಒಪ್ಪಂದ ಇರದಿದ್ದರೆ, ಅದು ತಲುಪಿದಂತೆ. ನ್ಯಾಯಾಲಯಕ್ಕೆ ಒಂದು ಕ್ಷಣ, ಒಂದು ಜಾಗ ಬೇಕು, ಅದು ತಪ್ಪಲ್ಲ. ಆದರೆ ಕಾನೂನು ಲೆಕ್ಕದ ಅನುಕೂಲಕ್ಕೆ ನೆಟ್ಟ ಗೂಟಕ್ಕೆ ನಮ್ಮ ಮನಸ್ಸಾಕ್ಷಿಯನ್ನೂ ಕಟ್ಟಿಬಿಡಬಹುದೆ ಎಂಬುದೇ ನನ್ನ ಸಂದೇಹ.

ನನಗೆ ತೋರುವ ಒರೆಗಲ್ಲು ಇದು. ಅದೇ ವ್ಯಾಪಾರಿಗೆ ನೇಕಾರನಿಂದ ಹಣ ಬರಬೇಕಾಗಿತ್ತೆನ್ನಿ. ಚೀಟಿ ನಂಬಿ ಮಲಗುತ್ತಿದ್ದನೆ? ಬೆಳಗಾಗುತ್ತಲೆ ಬೂತಿಗೆ ಫೋನು, ಮಧ್ಯಾಹ್ನ ಮತ್ತೊಂದು, ಸಂಜೆಗೆ ಶಿಗ್ಲಿಯ ಬಸ್ಸಿಗೆ ಒಬ್ಬ ಆಳು. ಸುದ್ದಿ ಮುಟ್ಟದಿದ್ದರೆ ಹಾನಿ ನಮಗಾಗುವುದಾದರೆ ನಾವು ಕಿವಿಯವರೆಗೂ ಹೋಗುತ್ತೇವೆ. ಹಾನಿ ಅವನಿಗಾಗುವುದಾದರೆ ಯಂತ್ರದ ಮಾತು ನಮಗೆ ಸಾಕಾಗುತ್ತದೆ. ಆಗ ಆ ಚೀಟಿ ಸುದ್ದಿಯ ಗುರುತಾಗಿ ಉಳಿಯದೆ ನಮ್ಮ ನಿರಪರಾಧದ ದಸ್ತಾವೇಜಾಗುತ್ತದೆ. ನಮ್ಮ ಹಿರಿಯರು ಸಾವಿನ ಸುದ್ದಿಗೆ ಆಳನ್ನೇ ಅಟ್ಟುತ್ತಿದ್ದುದು ಅಂಚೆ ತಡವೆಂದಷ್ಟೆ ಅಲ್ಲ. ಕೇಳಿದವರು ಕುಸಿದರೆ ಹಿಡಿಯಲು ಅಲ್ಲೊಬ್ಬ ಇರಬೇಕಲ್ಲ!

ಇದಕ್ಕೆ ಎದುರು ಮಾತೂ ಉಂಟು, ಅದು ಹಗುರವಾದುದಲ್ಲ. ಕೇಳುವವರೆಗೆ ಹೇಳಿದಂತಾಗದು ಎಂದರೆ, ಕೇಳಲು ಮನಸ್ಸಿಲ್ಲದವನಿಗೆ ಯಾರೂ ಏನೂ ಹೇಳಲಾರರು. ನೋಟೀಸು ಬಂತೆಂದರೆ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗುವ ಜಾಣರು ಎಲ್ಲ ಊರಿನಲ್ಲೂ ಇದ್ದಾರೆ. 2018ರ ನವೆಂಬರ್ 21ರಂದು ಜಮ್ಮು-ಕಾಶ್ಮೀರದಲ್ಲಿ ಮೆಹಬೂಬಾ ಮುಫ್ತಿಯವರು ಸರಕಾರ ರಚಿಸುವ ಹಕ್ಕು ಮಂಡಿಸಿ ರಾಜಭವನಕ್ಕೆ ಫ್ಯಾಕ್ಸು ಕಳಿಸಲು ಯತ್ನಿಸಿದರು. ಅಲ್ಲಿಯ ಯಂತ್ರ ಅದನ್ನು ಸ್ವೀಕರಿಸುತ್ತಿಲ್ಲವೆಂದು ಲೋಕಕ್ಕೆಲ್ಲ ಸಾರಿದರು. ಅದೇ ರಾತ್ರಿ ರಾಜ್ಯಪಾಲ ಸತ್ಯಪಾಲ್ ಮಲಿಕ್ ಅವರು ವಿಧಾನಸಭೆ ವಿಸರ್ಜಿಸಿದರು. ಅಂದು ಈದ್ ರಜೆ, ಅಡಿಗೆಯವನೂ ಇರಲಿಲ್ಲ, ಫ್ಯಾಕ್ಸು ನೋಡುವವರು ಯಾರು ಎಂದರು. ಬಂದಿದ್ದರೂ ನಿರ್ಣಯ ಬೇರೆಯಾಗುತ್ತಿರಲಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು. ನಿರ್ಣಯದ ಸರಿತಪ್ಪು ರಾಜಕಾರಣಿಗಳ ಪಾಲಿಗಿರಲಿ. ನಂಬರು ಕೊಟ್ಟವನು ಕಿವಿಯನ್ನೂ ಕೊಟ್ಟಿದ್ದಾನೆ ಎಂದೇ ಜನ ತಿಳಿಯುತ್ತಾರೆ. ಯಂತ್ರವನ್ನು ಮೇಜಿನ ಮೇಲಿಟ್ಟು ಅದರ ಮುಂದೆ ಯಾರನ್ನೂ ಇಡದಿದ್ದರೆ, ಬಾಗಿಲಿಗೆ ಗಂಟೆ ಕಟ್ಟಿ ಅದರ ನಾಲಗೆ ಕಿತ್ತಂತೆ. ಆದುದರಿಂದ ನಮ್ಮ ನೇಕಾರನಿಗೂ ಒಂದು ಸಣ್ಣ ಹೊಣೆ ಉಂಟು: ಬೂತಿನ ನಂಬರು ಕೊಟ್ಟ ಮೇಲೆ ವಾರಕ್ಕೊಮ್ಮೆಯಾದರೂ ವಿಚಾರಿಸಬೇಕು. ಎರಡು ಹೊಣೆ ತೂಗಿದರೆ, ಕಳಿಸಿದವನದೇ ಭಾರವೆಂದು ನನ್ನ ಮತ. ಸುದ್ದಿ ಹೊರಟಿದೆ ಎಂಬುದು ಅವನೊಬ್ಬನಿಗೆ ಮಾತ್ರ ಗೊತ್ತಿರುತ್ತದಷ್ಟೆ.

ಕಾಗದ ಬಂದರೂ ಸಾಲದು ಎನ್ನುವ ಕಡೆಗಳೂ ಉಂಟು. ಶಾಸಕರ ರಾಜೀನಾಮೆ ಸ್ವಯಿಚ್ಛೆಯದೋ, ನೈಜವೋ ಎಂದು ಸಭಾಧ್ಯಕ್ಷರು ನೋಡಬೇಕೆನ್ನುತ್ತದೆ ಸಂವಿಧಾನದ 190ನೆಯ ವಿಧಿ. 2019ರ ಜುಲೈ 11ರಂದು ಕರ್ನಾಟಕದ 10 ಮಂದಿ ಶಾಸಕರು ಸಂಜೆ 6ರೊಳಗೆ ಸಭಾಧ್ಯಕ್ಷರೆದುರು ಹೋಗಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಅವರು ಮುಂಬಯಿಯಿಂದ ವಿಮಾನದಲ್ಲಿ ಬಂದರು. ಸಹಿ ಹಾಕಿದ ಕಾಗದ ಮೊದಲೇ ಬಂದಿತ್ತು.

ಇನ್ನೊಂದು ಸಂಗತಿ. 2021ರ ಜುಲೈ 8ರಂದು ಆಗ್ರಾ ಜೈಲಿನ 13 ಮಂದಿಗೆ ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಟ್ಟಿತು. ಅಪರಾಧದ ಕಾಲಕ್ಕೆ ಬಾಲಕರಾಗಿದ್ದವರು, ಹದಿನಾಲ್ಕು ವರ್ಷಕ್ಕೂ ಮೇಲ್ಪಟ್ಟು ಒಳಗಿದ್ದವರು. ಆಜ್ಞೆಯ ದೃಢೀಕೃತ ಪ್ರತಿ ಅಂಚೆಯಲ್ಲಿ ಬಂದಿಲ್ಲವೆಂದು ಅವರನ್ನು ಮತ್ತೂ ಕೆಲವು ದಿನ ಬಿಡಲಿಲ್ಲ. ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆಜ್ಞೆ ತರಲು ಈಗಲೂ ಆಕಾಶದಲ್ಲಿ ಪಾರಿವಾಳ ಕಾಯಬೇಕೆ ಎಂದು ಮುಖ್ಯ ನ್ಯಾಯಮೂರ್ತಿ ರಮಣ ಅವರು ಸಿಡಿಮಿಡಿಗೊಂಡರು. ಆಜ್ಞೆಯನ್ನು ವಿದ್ಯುನ್ಮಾನವಾಗಿ ನೇರ ಮುಟ್ಟಿಸುವ 'ಫಾಸ್ಟರ್' ಎಂಬ ವ್ಯವಸ್ಥೆ 2022ರ ಮಾರ್ಚ್ 31ರಂದು ಆರಂಭವಾಯಿತು. ಈಗ ಆಜ್ಞೆ ಜೈಲಿನ ಕಂಪ್ಯೂಟರಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಬರಾಕಿನವರೆಗಿನ ದಾರಿಯನ್ನು ಈಗಲೂ ಒಬ್ಬ ಮನುಷ್ಯ ಕೀಲಿಕೈ ಹಿಡಿದು ನಡೆಯಬೇಕು.