ಬಂಧವೂ ಅನ್ನಪಾನನಿರೋಧವೂ: ಗಾಜಿನ ತೊಟ್ಟಿಯ ಮೀನನ್ನು ಕುರಿತು ಒಂದು ವಿಚಾರ

ಗೃಹಸ್ಥನ ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬುವೇ ಆ ಐದು. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು ಎಂದು ವ್ಯಾಖ್ಯಾನಕಾರರು ಸ್ಪಷ್ಟಪಡಿಸಿದ್ದಾರೆ. ಕೊಲ್ಲುವವನು ವ್ರತವನ್ನೇ ಮುರಿದವನು. ಅತಿಚಾರವಾದರೋ ವ್ರತವನ್ನು ಉಳಿಸಿಕೊಂಡಿದ್ದೇನೆಂದು ನಂಬಿದವನಿಗೆ ತಗಲುವ ದೋಷ. ಪ್ರವಚನಗಳಲ್ಲಿ ಈ ಐದಕ್ಕೂ ಎತ್ತು, ಕುದುರೆ, ಆಳುಮಕ್ಕಳ ದೃಷ್ಟಾಂತವನ್ನೇ ಕೊಡುವುದು ವಾಡಿಕೆ. ಪೇಟೆಯ ಮನೆಗಳಲ್ಲಿ ಇಂದು ಎತ್ತೂ ಇಲ್ಲ, ಕುದುರೆಯೂ ಇಲ್ಲ. ಆದ್ದರಿಂದ ಈ ಅತಿಚಾರಗಳು ಹಳೆಯ ಕಾಲಕ್ಕೆ ಸೇರಿದವೆಂಬ ಭಾವನೆ ಶ್ರಾವಕರಲ್ಲಿ ಮೂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅವು ಹೊಸ ರೂಪದಲ್ಲಿ ಮನೆಯ ಪಡಸಾಲೆಗೆ ಬಂದಿವೆ. ಅಂತಹ ಒಂದು ರೂಪವನ್ನು ಇಲ್ಲಿ ವಿಚಾರಿಸಬಹುದು.

ಧಾರವಾಡದ ವಾಯವ್ಯಕ್ಕೆ, ಬೆಳಗಾವಿಯ ಹೆದ್ದಾರಿಯಲ್ಲಿರುವ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರ್ಖಾನೆ ನಡೆಸುವ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳೋಣ. ಆತ ರಾತ್ರಿಭೋಜನ ಮಾಡುವವನಲ್ಲ. ಅವನ ಅಡುಗೆಮನೆಗೆ ಕಂದಮೂಲಗಳು ಬರುವುದಿಲ್ಲ. ವ್ಯವಹಾರ ಕುದುರಿದ ಮೇಲೆ, ಮಕ್ಕಳ ಆಸೆಗೆ, ಮನೆಯಲ್ಲಿ ಹವಳದಿಬ್ಬದ ಮಾದರಿಯ ಒಂದು ಅಕ್ವೇರಿಯಂ ಇರಿಸುತ್ತಾನೆ. ಕಡಲಿನಿಂದ ಘಟ್ಟದಾಚೆ ದೂರವಿರುವ ಆ ಮನೆಯಲ್ಲಿ ಉಪ್ಪು ಬೆರೆಸಿ ಸಮುದ್ರದ ನೀರನ್ನು ತಯಾರಿಸಬೇಕು; ಪಂಪು, ದೀಪ, ಶಾಖ ನಿಯಂತ್ರಕಗಳು ಹಗಲಿರುಳು ನಡೆಯಬೇಕು. ತಳಕ್ಕೆ ಹಾಸಿದ ಬಿಳಿಯ ಮರಳು ಕೆಲವೇ ವಾರಗಳಲ್ಲಿ ಪಾಚಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಅಂಗಡಿಯವನು ಒಂದು ಉಪಾಯ ಹೇಳುತ್ತಾನೆ: ಮರಳನ್ನು ಜಾಲಿಸುವ ಗೋಬಿ ಎಂಬ ಜಾತಿಯ ಮೀನೊಂದನ್ನು ಬಿಟ್ಟರೆ ಸಾಕು, ಮರಳು ಸದಾ ಬೆಳ್ಳಗಿರುತ್ತದೆ.

ಮಾತು ಸುಳ್ಳಲ್ಲ. ವಲೆನ್ಸಿಯೆನ್ನಿಯ ಕುಲಕ್ಕೆ ಸೇರಿದ ಈ ಗೋಬಿಗಳು ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ಹವಳದಿಬ್ಬಗಳ ಬಳಿಯ ಮರಳಿನಲ್ಲಿ ವಾಸಿಸುತ್ತವೆ. ಕಲ್ಲಿನ ಅಡಿಯಲ್ಲಿ ಬಿಲ ತೋಡಿ, ಹೆಚ್ಚಾಗಿ ಗಂಡುಹೆಣ್ಣು ಜೊತೆಯಾಗಿ ಬಾಳುತ್ತವೆ. ಬಾಯಿ ತುಂಬ ಮರಳನ್ನು ತೆಗೆದುಕೊಂಡು ಕಿವಿರುಗಳ ಮೂಲಕ ಹೊರಗೆ ಚೆಲ್ಲುತ್ತವೆ. ನಡುವೆ ಸಿಕ್ಕಿದ ಸೂಕ್ಷ್ಮ ಹುಳುಗಳು ಹಾಗೂ ಕಣ್ಣಿಗೆ ಕಾಣದಷ್ಟು ಸಣ್ಣ ಸೀಗಡಿಯಂತಹ ಜೀವಿಗಳನ್ನು ನುಂಗುತ್ತವೆ. ಒಂದೊಂದು ತುತ್ತಿನಲ್ಲಿ ಸಿಗುವುದು ಅತ್ಯಲ್ಪ. ಆದ್ದರಿಂದಲೇ ಅದು ದಿನವಿಡೀ ಜಾಲಿಸುತ್ತಲೇ ಇರಬೇಕು. ನೋಡುವವನು ಇದನ್ನು ಶುಚಿಗೊಳಿಸುವ ಕೆಲಸವೆಂದು ತಿಳಿಯುತ್ತಾನೆ. ಮೀನಿಗೆ ಅದು ಕೆಲಸವಲ್ಲ, ಆಹಾರದ ಅನ್ವೇಷಣೆ.

ಸಾಗರದ ಮರಳಿಗೆ ಕೊನೆಯಿಲ್ಲ. ಅಲ್ಲಿ ಆಹಾರ ಮತ್ತೆ ಮತ್ತೆ ಹುಟ್ಟುತ್ತದೆ. ನಾಲ್ಕು ಅಡಿಯ ತೊಟ್ಟಿಯ ಮರಳಿನಲ್ಲಿರುವ ಜೀವಿಗಳಾದರೋ ಕೆಲವು ವಾರ ಅಥವಾ ಕೆಲವು ತಿಂಗಳುಗಳಲ್ಲಿ ಬರಿದಾಗುತ್ತವೆ. ಆ ಬಳಿಕವೂ ಮೀನು ಮರಳನ್ನು ಜಾಲಿಸುವುದನ್ನು ಬಿಡುವುದಿಲ್ಲ. ಮರಳು ಹೊಳೆಯುತ್ತದೆ, ಮೀನಿನ ಹೊಟ್ಟೆ ಒಳಸೇರುತ್ತದೆ. ಮೇಲೆ ತೇಲುವ ಆಹಾರವನ್ನು ಇತರ ಮೀನುಗಳು ಕಬಳಿಸುವುದರಿಂದ ತಳದಲ್ಲಿರುವ ಇದಕ್ಕೆ ಪಾಲು ಸಿಗುವುದಿಲ್ಲ. ಬೇರೆ ಬಗೆಯ ಆಹಾರವನ್ನು ಕೆಲವು ಮೀನುಗಳು ಕಲಿತುಕೊಳ್ಳುತ್ತವೆ, ಕೆಲವು ಕಲಿಯುವುದೇ ಇಲ್ಲ. ಹೀಗೆ ಅನೇಕ ತೊಟ್ಟಿಗಳಲ್ಲಿ ಈ ಮೀನು ತುಂಬಿದ ಮನೆಯ ನಡುವೆ ಹಸಿದು ಸಾಯುತ್ತದೆ. ಯಜಮಾನನು ಮತ್ತೊಂದನ್ನು ತರುತ್ತಾನೆ. ಮೂಲಧನವನ್ನೇ ಕರಗಿಸಿ ಲಾಭಾಂಶ ಹಂಚುವ ಸಂಸ್ಥೆಯ ಲೆಕ್ಕಪತ್ರವನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ಬಿಳಿಯ ಮರಳು ಅಂತಹ ಲಾಭಾಂಶ. ಅದನ್ನು ತೆತ್ತದ್ದು ಮೀನಿನ ದೇಹ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಆ ಶ್ರಾವಕನಿಗೆ ಕೊಲ್ಲುವ ಸಂಕಲ್ಪವಿರಲಿಲ್ಲ. ಮೀನು ಹಸಿದಿದೆ ಎಂಬುದೂ ಅವನಿಗೆ ತಿಳಿದಿರಲಿಲ್ಲ. ಸಂಕಲ್ಪವಿಲ್ಲದ ಕಡೆ ಹಿಂಸೆ ಹೇಗೆ? ಜನ್ನಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ಜೈನ ಮನೆಗಳಿಗೆ ಚಿರಪರಿಚಿತ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ರಾಜನೂ ಅವನ ತಾಯಿಯೂ ತಿರ್ಯಂಚ ಜನ್ಮಗಳಲ್ಲಿ ಅಲೆಯುತ್ತಾರೆ. ಅವುಗಳಲ್ಲಿ ರಾಜನಿಗೆ ಮೀನಿನ ಜನ್ಮವೂ ಒಂದು. ಆ ಕಥೆಯಲ್ಲಿ ಸಂಕಲ್ಪವಿದೆ, ಪ್ರಾಣಘಾತವಿಲ್ಲ. ತೊಟ್ಟಿಯ ಪ್ರಸಂಗದಲ್ಲಿ ಪ್ರಾಣಘಾತವಿದೆ, ಸಂಕಲ್ಪವಿಲ್ಲ. ಹಾಗೆಂದು ಇದು ನಿರ್ದೋಷವಾಗುವುದಿಲ್ಲ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ಉಮಾಸ್ವಾಮಿಗಳ ಮತ. ಎಚ್ಚರಿಕೆಯಿಂದ ನಡೆಯುವ ಮುನಿಯ ಕಾಲಿಗೆ ಅಕಸ್ಮಾತ್ತಾಗಿ ಸಿಕ್ಕ ಜೀವಿಯ ವಿಷಯ ಬೇರೆ. ಪ್ರತಿದಿನ ಸಂಜೆ ಗಾಜಿನ ಮುಂದೆ ಕುಳಿತು, ಮೀನಿನ ಬಣ್ಣವನ್ನು ಕಂಡು, ಅದರ ಹೊಟ್ಟೆಯನ್ನು ಕಾಣದವನ ವಿಷಯ ಬೇರೆ. ಕಟ್ಟಿಹಾಕಿದವನೇ ಉಣಿಸುವ ಹೊಣೆಯನ್ನೂ ಹೊತ್ತವನು. ಬಂಧವು ಮೊದಲನೆಯ ಅತಿಚಾರವಾಗಿಯೂ ಅನ್ನಪಾನನಿರೋಧವು ಕೊನೆಯದಾಗಿಯೂ ಎಣಿಕೆಯಾಗಿರುವುದನ್ನು ಈ ದೃಷ್ಟಿಯಿಂದ ನೋಡಿದರೆ, ಮೊದಲನೆಯದು ಐದನೆಯದಕ್ಕೆ ಬಾಗಿಲಾಗುವ ಬಗೆ ತಿಳಿಯುತ್ತದೆ. ಹೊರಗಿರುವ ಪ್ರಾಣಿ ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುತ್ತದೆ. ಬಂಧನದಲ್ಲಿರುವ ಪ್ರಾಣಿಗೆ ಯಜಮಾನನ ಅಜ್ಞಾನವೇ ಉಪವಾಸ.

ಇನ್ನೊಂದು ಆಕ್ಷೇಪ ವರ್ತಕರಿಂದಲೇ ಬರಬಹುದು. ಕಾರ್ಖಾನೆಯ ಕುಲುಮೆಯಲ್ಲಿ, ಲಾರಿಯ ಗಾಲಿಯಡಿ ಎಷ್ಟೋ ಜೀವಿಗಳು ಸಾಯುತ್ತವೆ. ಅಷ್ಟನ್ನು ಸಹಿಸುವ ಗೃಹಸ್ಥನಿಗೆ ಒಂದು ಮೀನು ಭಾರವೇ? ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದ್ದು ಇಂತಹ ಪ್ರಶ್ನೆಗೇ. ಅಡುಗೆ, ಕಟ್ಟಡ ಮೊದಲಾದವುಗಳಲ್ಲಿ ಆಗುವುದು ಆರಂಭೀ, ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಇವನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರ, ಮಿತಗೊಳಿಸಬಲ್ಲ. ತೊಟ್ಟಿಯ ಮೀನು ಇವುಗಳಲ್ಲಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದು ಹೊಟ್ಟೆಗಾಗಿ ಅಲ್ಲ, ರಕ್ಷಣೆಗಾಗಿಯೂ ಅಲ್ಲ, ನೋಟಕ್ಕಾಗಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದು ಮುಂತಾದವನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಏಕೇಂದ್ರಿಯ ಜೀವಗಳ ವಿಷಯದಲ್ಲಿಯೇ ಇಷ್ಟು ಸೂಕ್ಷ್ಮತೆ ಇರುವಾಗ ಪಂಚೇಂದ್ರಿಯ ಜಲಚರದ ಮಾತೇನು?

ಹಾಗಾದರೆ ಚೆನ್ನಾಗಿ ಉಣಿಸಿ ಸಾಕಬಹುದಲ್ಲ ಎಂದರೆ, ಅಲ್ಲಿ ಕಠಿಣವಾದ ಇಕ್ಕಟ್ಟು ಕಾದಿದೆ. ಈ ಮೀನು ಮಾಂಸಾಹಾರಿ. ಅದನ್ನು ಬದುಕಿಸಲು ದಿನಕ್ಕೆ ಹಲವು ಬಾರಿ ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿಗಳನ್ನು ತಳಕ್ಕೆ ಮುಟ್ಟಿಸಬೇಕು. ಈರುಳ್ಳಿ ಬರದ ಮನೆಯ ಫ್ರಿಜ್ಜಿನಲ್ಲಿ ಸೀಗಡಿಯ ಪೊಟ್ಟಣ ಬಂದು ಕೂರುತ್ತದೆ. ಉಣಿಸಿದರೆ ತ್ರಸಜೀವಗಳ ಹಿಂಸೆ, ಉಣಿಸದಿದ್ದರೆ ಅನ್ನಪಾನನಿರೋಧ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಹಿರಿಯರು ಅನರ್ಥದಂಡದಲ್ಲಿ ಸೇರಿಸಿದ್ದು ಆ ಪ್ರಾಣಿಗಳ ಮೇಲಿನ ದ್ವೇಷದಿಂದಲ್ಲ, ಎರಡೂ ಕಡೆ ದೋಷವಿರುವ ಇಂತಹ ಇಕ್ಕಟ್ಟಿಗೆ ಗೃಹಸ್ಥನು ತಾನಾಗಿ ಕಾಲಿಡಬಾರದೆಂದು.

ಲೌಕಿಕ ಕಾನೂನು ಕೂಡ ಈ ಮಾತನ್ನು ತನ್ನದೇ ಭಾಷೆಯಲ್ಲಿ ಹೇಳಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಮನುಷ್ಯನಲ್ಲದ ಪ್ರತಿಯೊಂದು ಜೀವಿಯನ್ನೂ ಪ್ರಾಣಿಯೆಂದು ಪರಿಗಣಿಸುತ್ತದೆ. ಅದರ 11ನೆಯ ಪ್ರಕರಣದಲ್ಲಿ ಹೊಡೆಯುವುದು, ಮಿತಿಮೀರಿದ ಭಾರ ಹೇರುವುದು, ಇಕ್ಕಟ್ಟಾದ ಪಂಜರದಲ್ಲಿಡುವುದು, ಅಂಗಚ್ಛೇದ ಮಾಡುವುದು, ಒಡೆಯನು ಸಾಕಷ್ಟು ಆಹಾರ ನೀರು ಕೊಡದಿರುವುದು ಇವೆಲ್ಲ ಕ್ರೌರ್ಯವೆಂದು ನಮೂದಾಗಿವೆ. ಐದು ಅತಿಚಾರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ಓದಿದರೆ ಹೋಲಿಕೆ ತಾನಾಗಿ ಕಾಣುತ್ತದೆ. ಜೀವಂತ ಹವಳದ ವಿಷಯದಲ್ಲಂತೂ ಕಾನೂನು ಇನ್ನೂ ಬಿಗಿಯಾಗಿದೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಬೇಲೂರು ಕೈಗಾರಿಕಾ ಪ್ರದೇಶದಲ್ಲಿಯೇ 2008ರಿಂದ ಉಚ್ಚ ನ್ಯಾಯಾಲಯದ ಪೀಠವೂ ಇದೆ. ಆದರೆ ಗಾಜಿನ ಹಿಂದೆ ಹಸಿದ ಮೀನು ಯಾವ ಪೀಠಕ್ಕೂ ಮೊರೆಯಿಡಲಾರದು. ಅದರ ನ್ಯಾಯಾಧೀಶನೂ ಪ್ರತಿವಾದಿಯೂ ಮನೆಯ ಯಜಮಾನನೇ.

ಮೀನುಗಳನ್ನು ನೋಡುತ್ತ ಮಕ್ಕಳಲ್ಲಿ ಜೀವದಯೆ ಬೆಳೆಯುತ್ತದೆ, ಪಾಂಜರಪೋಳಗಳಲ್ಲಿಯೂ ಪ್ರಾಣಿಗಳನ್ನು ಕೂಡಿಹಾಕುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪಾಂಜರಪೋಳದ ಹಸು ಕಟುಕನ ಕೈಯಿಂದ ತಪ್ಪಿಸಿಕೊಂಡು ಬಂದದ್ದು. ಅಲ್ಲಿನ ಗೋಡೆ ಹಸುವಿಗಾಗಿ ಇದೆ. ತೊಟ್ಟಿಯ ಗಾಜು ನೋಡುವವನಿಗಾಗಿ ಇದೆ. ಈ ಗೋಬಿಗಳು ಬಹುಮಟ್ಟಿಗೆ ಸಮುದ್ರದಿಂದಲೇ ಹಿಡಿದು ತಂದವು. ಫಿಲಿಪ್ಪೀನ್ಸಿನ ಹವಳದಿಬ್ಬಗಳಲ್ಲಿ 1960ರ ದಶಕದಿಂದ ಅಲಂಕಾರದ ಮೀನುಗಳನ್ನು ಹಿಡಿಯಲು ಸಯನೈಡ್ ವಿಷವನ್ನು ಸಿಂಪಡಿಸುವ ಪದ್ಧತಿ ಬಂದು, ಮೀನುಗಳ ಜೊತೆಗೆ ಹವಳಗಳೂ ಸತ್ತ ಸಂಗತಿ ಜಗತ್ತಿಗೆ ತಿಳಿದದ್ದೇ. ಕೊಳ್ಳುವವನು ಆ ಮುಳುಗುಗಾರನನ್ನು ಕಂಡಿಲ್ಲ. ಭಗವಾನ್ ನೇಮಿನಾಥರೂ ತಮ್ಮ ವಿವಾಹದ ಔತಣಕ್ಕೆಂದು ದೊಡ್ಡಿಯಲ್ಲಿ ಪ್ರಾಣಿಗಳನ್ನು ಕೂಡಿಟ್ಟವನಿಗೆ ಆಜ್ಞೆ ಕೊಟ್ಟವರಲ್ಲ. ಆದರೆ ಅದು ತಮಗಾಗಿ ನಡೆದದ್ದೆಂದು ಅರಿತ ಕ್ಷಣವೇ ರಥವನ್ನು ತಿರುಗಿಸಿದರು. ಮಕ್ಕಳಿಗೆ ದಯೆಯ ಪಾಠವಾಗಬೇಕಾದರೆ ವರಂಗದ ಕೆರೆಬಸದಿಗೆ ದೋಣಿಯಲ್ಲಿ ಕರೆದೊಯ್ಯಬಹುದು. ಅಲ್ಲಿ ಮೀನುಗಳು ತಮ್ಮ ನೀರಿನಲ್ಲಿಯೇ ಇವೆ.

ಉಳಿದದ್ದು ಅತ್ಯಂತ ಕಷ್ಟದ ಪ್ರಶ್ನೆ. ಈಗಾಗಲೇ ತಂದುಬಿಟ್ಟವನು ಏನು ಮಾಡಬೇಕು? ನೀರನ್ನು ಬಟ್ಟೆಯಲ್ಲಿ ಸೋಸುವ ಜೈನ ಗೃಹಿಣಿ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಕಂಡಕಂಡಲ್ಲಿ ಚೆಲ್ಲುತ್ತಿರಲಿಲ್ಲ. ಯಾವ ಬಾವಿಯ ನೀರೋ ಆ ಬಾವಿಗೇ, ಅದೂ ಮೆಲ್ಲಗೆ, ಮರಳಿ ಮುಟ್ಟಿಸುತ್ತಿದ್ದಳು. ಜೀವಿಗೆ ಅದರ ಸ್ವಸ್ಥಾನವೇ ಅಭಯವೆಂಬ ಅರಿವು ಆ ಆಚಾರದಲ್ಲಿದೆ. ಗೋಬಿಯನ್ನು ಸಾಧನಕೇರಿಯಲ್ಲಿ ಬಿಟ್ಟರೆ ಸಿಹಿನೀರಿನಲ್ಲಿ ಅದು ಸಾಯುತ್ತದೆ. ಕಾರವಾರದ ಕಡಲಿಗೆ ಬಿಟ್ಟರೂ ಅದು ಅದರ ದಿಬ್ಬವಲ್ಲ. ತೊಟ್ಟಿಯ ರೋಗವನ್ನು ಅಲ್ಲಿನ ಜೀವಿಗಳಿಗೆ ದಾಟಿಸುವ ಭಯವೂ ಇದೆ. ಪುಣ್ಯಕ್ಕೆಂದು ಮಾಡಿದ ಬಿಡುಗಡೆ ಇನ್ನೊಂದು ಹಿಂಸೆಯಾಗುತ್ತದೆ. ಅದರ ಬಾವಿಗೆ ಹೋಗುವ ದಾರಿ ಕೊಂಡ ದಿನವೇ ಮುಚ್ಚಿಹೋಗಿದೆ.

ಆದ್ದರಿಂದ ಆ ಶ್ರಾವಕನಿಗೆ ನಿರ್ದೋಷವಾದ ಮಾರ್ಗವೆಂಬುದು ಉಳಿದಿಲ್ಲ. ಅಲ್ಪದೋಷದ ಮಾರ್ಗ ಮಾತ್ರ ಇದೆ. ಬಲ್ಲವರನ್ನು ಕೇಳಿ, ಆ ಮೀನಿಗೆ ವಿಶಾಲವಾದ ಮರಳುಳ್ಳ, ಅದನ್ನು ಉಣಿಸಬಲ್ಲ ಸ್ಥಳ ಸಿಕ್ಕಿದರೆ ಅಲ್ಲಿಗೆ ಒಪ್ಪಿಸಬೇಕು. ಸಿಗದಿದ್ದರೆ ಅದು ಬದುಕಿರುವವರೆಗೆ ಹಸಿವಾಗದಂತೆ ನೋಡಿಕೊಂಡು, ಅದಕ್ಕಾಗಿ ಆಗುವ ಹಿಂಸೆಯನ್ನು ತನ್ನದೇ ಸಾಲವೆಂದು ಒಪ್ಪಿ, ಪ್ರತಿಕ್ರಮಣದಲ್ಲಿ ನೆನೆಯಬೇಕು. ಅದು ತೀರಿದ ಮೇಲೆ ಮತ್ತೊಂದನ್ನು ತರಬಾರದು. ಮೀನನ್ನು ಉಪವಾಸ ಕೆಡವಿ ತನ್ನ ಫ್ರಿಜ್ಜನ್ನು ಶುದ್ಧವಾಗಿಟ್ಟುಕೊಳ್ಳುವುದು ವ್ರತಪಾಲನೆಯಲ್ಲ. ಸಾಲಗಾರನು ತನ್ನ ಹೆಸರನ್ನು ಖಾತೆಯಿಂದ ಅಳಿಸಿಕೊಂಡಂತೆ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಯಾತ್ರಿನಿವಾಸಕ್ಕೋ ಸಭಾಭವನಕ್ಕೋ ಭಕ್ತರು ಅಲಂಕಾರದ ಮೀನಿನ ತೊಟ್ಟಿಯನ್ನು ಕಾಣಿಕೆಯಾಗಿ ಕೊಡಲು ಬಂದರೆ ವಿನಯದಿಂದ ನಿರಾಕರಿಸಬೇಕು. ಅದೇ ಹಣವನ್ನು ಬೇಸಿಗೆಯಲ್ಲಿ ಹಕ್ಕಿಗಳ ನೀರಿಗೋ ಪಾಂಜರಪೋಳದ ಮೇವಿಗೋ ಕೇಳಬಹುದು. ನಲ್ಲಿಗೆ ಕಟ್ಟಿದ ಸೋಸುವ ಬಟ್ಟೆ ಇನ್ನೂ ಅನೇಕ ಜೈನ ಮನೆಗಳಲ್ಲಿದೆ. ಕಾಣದ ಜೀವಿಗಾಗಿ ಅದನ್ನು ಕಟ್ಟಿದ ಮನೆ, ಕಾಣುವ ಜೀವಿಯ ಹಸಿವನ್ನು ಕಾಣದೆ ಇರಲಾಗದು.